ಜಾಕೆಟ್ ಹಾಕಿದ ನಾಯಿಯನ್ನು ಖಾನಾವಳಿಯೊಳಗೆ ಬಿಡಲೇಬೇಕೇ?

ಬಿಡಬೇಕಾಗಿಲ್ಲ, ಅಕ್ಕಾವರೇ. ನಾಳೆ ಅವರು ಮತ್ತೆ ಬಂದರೆ ಹೇಗೆ ಮಾತನಾಡಬೇಕು ಎಂಬುದನ್ನು ಕೊನೆಯಲ್ಲಿ ಬರೆಯುತ್ತೇನೆ. ಅದಕ್ಕೂ ಮೊದಲು ನಿಮ್ಮ ಪ್ರಶ್ನೆಯ ಒಂದು ಸಾಲಿನ ಬಗ್ಗೆ ನನಗೆ ತಕರಾರಿದೆ. ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಿಕೊಳ್ಳಬೇಕಿದೆ.

ನೀವು ಬರೆದದ್ದು ಇಷ್ಟು: ಬೆಳಗಾವಿಯಲ್ಲಿ ನಿಮ್ಮದು ಎಂಟು ಮೇಜಿನ ಖಾನಾವಳಿ. ಅಮೆರಿಕದಿಂದ ವಾಪಸು ಬಂದಿರುವ ಗಿರಾಕಿಯೊಬ್ಬರು ವಾರಕ್ಕೆ ಎರಡು ಮೂರು ಸಲ ಲ್ಯಾಬ್ರಡಾರ್ ನಾಯಿಯನ್ನು ಕರೆದುಕೊಂಡು ಊಟಕ್ಕೆ ಬರುತ್ತಾರೆ. ನಾಯಿಗೆ ಕೆಂಪು ಜಾಕೆಟ್, ಅದರ ಮೇಲೆ ಇಂಗ್ಲಿಷಿನಲ್ಲಿ ‘ಸರ್ವಿಸ್ ಡಾಗ್’ ಎಂಬ ಬರಹ, ಅಂದರೆ ಅಂಗವಿಕಲರ ನೆರವಿಗೆ ಪಳಗಿಸಿದ ನಾಯಿ. ಒಮ್ಮೆ ಅದು ಪಕ್ಕದ ಮೇಜಿನ ತಾಟಿನಿಂದ ರೊಟ್ಟಿಯನ್ನೇ ಎಳೆದುಕೊಂಡಿತು. ಹೊರಗೆ ಕಟ್ಟಿ ಎಂದು ನೀವು ಹೇಳಿದರೆ, “ಸರ್ವಿಸ್ ಡಾಗನ್ನು ತಡೆಯುವ ಹಾಗಿಲ್ಲ, ಕೇಸು ಹಾಕುತ್ತೇನೆ” ಎನ್ನುತ್ತಾರೆ. ಕೊನೆಗೆ ನೀವೇ ಸೇರಿಸಿದ್ದೀರಿ: “ಆ ಮನುಷ್ಯ ಗಟ್ಟಿಮುಟ್ಟಾಗಿದ್ದಾನೆ, ಕಣ್ಣು ಕಿವಿ ಎಲ್ಲ ಸರಿಯಾಗಿವೆ, ಅವನಿಗೆ ಯಾವ ಸರ್ವಿಸ್?”

ನನ್ನ ತಕರಾರು ಆ ಕೊನೆಯ ಸಾಲಿನದು. ಮೂರ್ಛೆ ರೋಗ ಹಣೆಯ ಮೇಲೆ ಬರೆದಿರುವುದಿಲ್ಲ. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಸಕ್ಕರೆ ಇದ್ದಕ್ಕಿದ್ದಂತೆ ಇಳಿದರೆ ಮೂಗಿನಿಂದಲೇ ಗುರುತಿಸಿ ಎಚ್ಚರಿಸುವಂತೆ ಪಳಗಿಸಿದ ನಾಯಿಗಳಿವೆ. ಕಿವಿ ಕೇಳದವರಿಗೆ ಬಾಗಿಲ ಗಂಟೆ ಬಾರಿಸಿತೆಂದು ಮೂಗು ತಾಗಿಸಿ ತಿಳಿಸುವ ನಾಯಿಗಳಿವೆ. ಆದ್ದರಿಂದ ಮನುಷ್ಯನನ್ನು ಮೇಲಿನಿಂದ ಕೆಳಗೆ ನೋಡಿ ತೀರ್ಮಾನಿಸಬೇಡಿ, ನಾಯಿಯನ್ನು ನೋಡಿ. ನಿಮ್ಮ ಗಿರಾಕಿಯ ನಾಯಿ ರೊಟ್ಟಿ ಎಳೆದ ದಿನವೇ ತಾನು ಯಾರೆಂದು ಹೇಳಿಬಿಟ್ಟಿದೆ.

ನಾನು ಬಾಗಲಕೋಟೆಯ ನವನಗರದಲ್ಲಿರುವ ನಿವೃತ್ತ ಪಶುವೈದ್ಯ. ನಮ್ಮ ಕಡೆ ಜನ ಕರೆಯುವಂತೆ ಹೇಳುವುದಾದರೆ ದನದ ಡಾಕ್ಟರ್. ಮೂವತ್ತು ವರ್ಷಕ್ಕೂ ಮೇಲೆ ಎಮ್ಮೆ, ಎತ್ತು, ಕುರಿಗಳ ನಡುವೆಯೇ ಕಳೆದೆ. ಮುಧೋಳದ ಕಡೆ ಇದ್ದಾಗ ಮಾತ್ರ ನಾಯಿಗಳ ಸಹವಾಸ ಹೆಚ್ಚಾಯಿತು. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇರುವುದು ನಿಮಗೆ ಗೊತ್ತಿರಬಹುದು. ಮುಧೋಳ ನಾಯಿಗೂ ಇಂಥ ಜಾಕೆಟ್ ಹಾಕಬಹುದೇ ಎಂದು ಯಾರೋ ನನ್ನನ್ನು ಕೇಳಿದ್ದರು. ಹಾಕಬಹುದು, ಹೊಲದಲ್ಲಿ ಮೊಲ ಕಾಣಿಸುವವರೆಗೆ. ಅದು ಕಣ್ಣಿನಿಂದ ಬೇಟೆಯಾಡುವ ತಳಿ. ಓಡುವುದನ್ನು ಕಂಡರೆ ಅದರ ಹಿಂದೆಯೇ ಹೋಗುತ್ತದೆ, ಅಪರಿಚಿತರು ಮೈ ಮುಟ್ಟಿದರೆ ಅದಕ್ಕೆ ಸೇರುವುದಿಲ್ಲ. ಸೇನೆಯವರು ಅದನ್ನು ಕಾವಲಿಗೆ ಪಳಗಿಸಿದ್ದಾರೆ, ಆದರೆ ಕುರುಡರ ಕೈಗೆ ಕೊಡುವ ನಾಯಿಯ ಗುಣವೇ ಬೇರೆ.

ಇನ್ನು ನಿಮ್ಮ ಗಿರಾಕಿ ಹೆದರಿಸುವ ಕಾನೂನು. ಅದು ಇರುವುದು ನಿಜ, ಆದರೆ ಇರುವುದು ಅಮೆರಿಕದಲ್ಲಿ. ಅಂಗವಿಕಲರ ಹಕ್ಕುಗಳಿಗಾಗಿ ಅಲ್ಲಿ 1990ರಲ್ಲಿ ಒಂದು ಕಾಯ್ದೆ ಬಂತು. ಅದರ ಪ್ರಕಾರ ಅಂಗವಿಕಲರೊಬ್ಬರಿಗಾಗಿ ಒಂದು ನಿರ್ದಿಷ್ಟ ಕೆಲಸ ಕಲಿತ ನಾಯಿಯನ್ನು ಹೋಟೆಲು, ಅಂಗಡಿ, ಆಸ್ಪತ್ರೆ ಎಲ್ಲ ಕಡೆಯೂ ಒಳಗೆ ಬಿಡಬೇಕು. 2011ರಿಂದ ಈ ಲೆಕ್ಕಕ್ಕೆ ಬರುವುದು ನಾಯಿ ಮಾತ್ರ. ಗಿಡ್ಡ ಜಾತಿಯ ಕುದುರೆಗೆ ಪ್ರತ್ಯೇಕ ನಿಯಮವಿದೆ, ನಗಬೇಡಿ, ನಿಜವಾಗಿಯೂ ಇದೆ. ಅಂಗಡಿಯವರು ಕಾಗದ ಕೇಳುವ ಹಾಗಿಲ್ಲ, ಕಾಯಿಲೆ ಏನೆಂದು ಕೇಳುವ ಹಾಗಿಲ್ಲ. ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಬೇಕಾದ ನಾಯಿಯೇ ಇದು? ಯಾವ ಕೆಲಸ ಕಲಿತಿದೆ? ನಾಯಿ ಜೊತೆಗಿದ್ದರೆ ಮನಸ್ಸಿಗೆ ಸಮಾಧಾನ ಎನ್ನುವುದು ಆ ಎರಡನೆಯ ಪ್ರಶ್ನೆಗೆ ಉತ್ತರವಾಗುವುದಿಲ್ಲ. ನಾಯಿ ಹತೋಟಿ ಮೀರಿದರೆ, ಒಳಗೆ ಗಲೀಜು ಮಾಡಿದರೆ ಅದನ್ನು ಹೊರಗೆ ಕಳಿಸಬಹುದು. ಮನುಷ್ಯನಿಗೆ ಮಾತ್ರ ಊಟ ಕೊಡಲೇಬೇಕು. ಅಂದರೆ ನಿಮ್ಮ ಗಿರಾಕಿ ರೊಟ್ಟಿ ಪ್ರಸಂಗದ ಮೇಲೆ ಅಮೆರಿಕದಲ್ಲೂ ಸೋಲುತ್ತಾರೆ.

ಕಾಗದ ಕೇಳಬಾರದು ಎಂಬ ನಿಯಮವನ್ನು ಅಲ್ಲಿಯವರು ಅಂಗವಿಕಲರ ಮರ್ಯಾದೆಗಾಗಿ ಮಾಡಿದರು. ಸುಳ್ಳು ನುಸುಳಿದ್ದೂ ಅದೇ ಸಂದಿಯಿಂದ. ಸರ್ಕಾರದ ನೋಂದಣಿ ಎಂಬುದು ಅಲ್ಲಿಲ್ಲ, ಆದರೆ ಅಂತರ್ಜಾಲದಲ್ಲಿ ದುಡ್ಡು ಕೊಟ್ಟರೆ ಜಾಕೆಟ್ ಬರುತ್ತದೆ, ನಾಯಿಯ ಭಾವಚಿತ್ರ ಇರುವ ನೋಂದಣಿ ಕಾರ್ಡೂ ಬರುತ್ತದೆ. ವಿಮಾನಗಳಲ್ಲಂತೂ ಮನಸ್ಸಿನ ನೆಮ್ಮದಿಗೆ ಎಂದು ಏನೇನನ್ನೋ ಹತ್ತಿಸುವ ಗೀಳು ಎಷ್ಟು ಬೆಳೆಯಿತೆಂದರೆ, 2018ರಲ್ಲಿ ನ್ಯೂವಾರ್ಕ್ ನಿಲ್ದಾಣಕ್ಕೆ ಒಬ್ಬರು ನವಿಲನ್ನೇ ತಂದರು, ವಿಮಾನದವರು ಹತ್ತಿಸಿಕೊಳ್ಳಲಿಲ್ಲ. 2021ರ ಜನವರಿಯಿಂದ ನೆಮ್ಮದಿಯ ಪ್ರಾಣಿಗಳನ್ನು ಸರ್ವಿಸ್ ಪ್ರಾಣಿಗಳೆಂದು ಒಪ್ಪಬೇಕಿಲ್ಲ ಎಂದು ಅಲ್ಲಿನ ಸಾರಿಗೆ ಇಲಾಖೆ ವಿಮಾನ ಕಂಪನಿಗಳಿಗೆ ಬಿಡುಗಡೆ ಕೊಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ ಸಾಕುನಾಯಿಯನ್ನು ಸರ್ವಿಸ್ ಡಾಗ್ ಎಂದು ಗೊತ್ತಿದ್ದೂ ಸುಳ್ಳು ಹೇಳಿದರೆ ಆರು ತಿಂಗಳವರೆಗೆ ಸೆರೆ, ಒಂದು ಸಾವಿರ ಡಾಲರ್‌ವರೆಗೆ ದಂಡ.

ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ನಾನೂ ಆ ಕ್ಯಾಲಿಫೋರ್ನಿಯಾದಲ್ಲಿ ಐದು ತಿಂಗಳು ಇದ್ದೆ. ಮಾಡಲು ಕೆಲಸವಿಲ್ಲ, ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ನಾಯಿಗಳನ್ನು ನೋಡುವುದೇ ಕೆಲಸ. ಒಂದು ದಿನ ಕಣ್ಣು ಕಾಣದ ಹೆಂಗಸೊಬ್ಬರು ರಸ್ತೆಯ ಅಂಚಿಗೆ ಬಂದರು. ಕೈಯಲ್ಲಿ ಹಗ್ಗವಲ್ಲ, ನಾಯಿಯ ಬೆನ್ನ ಪಟ್ಟಿಗೆ ಜೋಡಿಸಿದ ಗಟ್ಟಿ ಹಿಡಿಕೆ. ಮುಂದೆ ನಡೆ ಎಂದು ಆಕೆ ಹೇಳಿದರು. ನಾಯಿ ಕದಲಲಿಲ್ಲ. ಮತ್ತೊಮ್ಮೆ ಹೇಳಿದರು. ನಾಯಿ ಮೈಯನ್ನು ಆಕೆಯ ಮೊಣಕಾಲಿಗೆ ಅಡ್ಡವಾಗಿ ತಂದು ನಿಂತಿತು. ಅಷ್ಟರಲ್ಲಿ ಸದ್ದೇ ಇಲ್ಲದ ಎಲೆಕ್ಟ್ರಿಕ್ ಕಾರೊಂದು ತಿರುವಿನಿಂದ ಸರ್ರನೆ ಹಾದುಹೋಯಿತು. ಹೇಳಿದ್ದನ್ನು ಕೇಳುವ ನಾಯಿಯನ್ನು ಯಾರು ಬೇಕಾದರೂ ತಯಾರು ಮಾಡಬಹುದು. ಹೇಳಿದ್ದನ್ನು ಯಾವಾಗ ಕೇಳಬಾರದು ಎಂದು ತಿಳಿದ ನಾಯಿಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿರಲಿಲ್ಲ. ಮರಿಯಿದ್ದಾಗ ಒಂದು ವರ್ಷಕ್ಕೂ ಮೇಲೆ ಮನೆಯೊಂದರಲ್ಲಿ ಬೆಳೆಸಿ, ಆಮೇಲೆ ತಿಂಗಳುಗಟ್ಟಲೆ ಶಾಲೆಯಲ್ಲಿ ತಿದ್ದಿ ಇವುಗಳನ್ನು ತಯಾರಿಸುತ್ತಾರೆ. ಅಷ್ಟಾದರೂ ಎಷ್ಟೋ ನಾಯಿಗಳು ನಪಾಸಾಗುತ್ತವೆ.

ಅದೇ ಹೆಂಗಸು, ಅದೇ ನಾಯಿ, ಇನ್ನೊಂದು ದಿನ ದಿನಸಿ ಅಂಗಡಿಯಲ್ಲಿ ಸಿಕ್ಕರು. ತಳ್ಳುಗಾಡಿಯಲ್ಲಿ ಕುಳಿತಿದ್ದ ಹಿಡಿಗಾತ್ರದ ನಾಯಿಯೊಂದಕ್ಕೂ ಜಾಕೆಟ್ ಇತ್ತು. ಅದು ಇವರನ್ನು ಕಂಡಿದ್ದೇ ತಡ, ಗಾಡಿಯಿಂದ ಹಾರಿ ದೊಡ್ಡ ನಾಯಿಯ ಮುಖದ ಮೇಲೆ ಬೊಗಳುತ್ತಾ ಎರಗಿತು. ದೊಡ್ಡದು ತಿರುಗಿ ಕಚ್ಚಲಿಲ್ಲ. ತಲೆ ತಗ್ಗಿಸಿ, ಬಾಲವನ್ನು ಕಾಲ ನಡುವೆ ಸೇರಿಸಿ ಹಿಂದಕ್ಕೆ ಸರಿಯಿತು. ಆಕೆಗೆ ಏನಾಯಿತೆಂದು ಕಾಣಿಸುವುದಿಲ್ಲ. ಹಿಡಿಕೆ ಹಿಡಿದ ಕೈ ಮಾತ್ರ ಜಗ್ಗಿತು. ಚಿಕ್ಕ ನಾಯಿಯ ಒಡತಿ ಕ್ಷಮೆ ಕೇಳಿ ಹೊರಟುಹೋದಳು. ಕಣ್ಣು ಕಾಣದ ಆ ಹೆಂಗಸು ಅಲ್ಲಿಯೇ, ಈರುಳ್ಳಿ ರಾಶಿಯ ಪಕ್ಕ, ಬಹಳ ಹೊತ್ತು ನಿಂತಿದ್ದರು. ಹೀಗೊಮ್ಮೆ ಹೆದರಿದ ನಾಯಿ ಮುಂದೆ ಬೇರೆ ನಾಯಿ ಕಂಡಾಗಲೆಲ್ಲ ಕೆಲಸ ಮರೆಯಬಹುದು. ಹಾಗಾದರೆ ವರ್ಷಗಳ ತಯಾರಿ ನೀರಿನಲ್ಲಿ ಹೋದಂತೆ.

ಇಷ್ಟೆಲ್ಲ ನೋಡಿ ಬಂದವನು ಊರಿಗೆ ಮರಳಿ ಏನು ಮಾಡಿದೆ ಗೊತ್ತೇ? ನಮ್ಮ ಓಣಿಯ ಹುಡುಗನೊಬ್ಬ ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಗೋಲ್ಡನ್ ರಿಟ್ರೀವರ್ ಒಂದನ್ನು ತಂದು, “ಡಾಕ್ಟರ್ ಕಾಕಾ, ಪ್ರಯಾಣಕ್ಕೆ ಒಂದು ಪತ್ರ ಬರೆದುಕೊಡಿ” ಎಂದ. ರೇಬೀಸ್ ಲಸಿಕೆ ಆಗಿದೆ ಎಂದು ಬರೆದೆ. ಆರೋಗ್ಯವಾಗಿದೆ ಎಂದು ಬರೆದೆ. ಇವೆರಡೂ ನಾನು ಬರೆಯಬಹುದಾದ ಮಾತುಗಳು. “ಸ್ವಭಾವ ಶಾಂತ ಎಂದೂ ಸೇರಿಸಿ ಕಾಕಾ” ಎಂದ. ಮೇಜಿನ ಮೇಲೆ ಹತ್ತು ನಿಮಿಷ ಸುಮ್ಮನೆ ನಿಂತ ನಾಯಿ. ಹುಡುಗನ ತಾಯಿ ನಮ್ಮ ಮನೆಗೆ ಹಬ್ಬಕ್ಕೆ ಹೋಳಿಗೆ ಕಳಿಸುವವಳು. ಸೇರಿಸಿದೆ.

ಆ ಪತ್ರವನ್ನು ಅವನು ಪ್ಲಾಸ್ಟಿಕ್ ಹಾಕಿಸಿ, ತೂತು ಕೊರೆದು ನಾಯಿಯ ಜಾಕೆಟ್ಟಿಗೆ ತೂಗುಹಾಕಿದ್ದನ್ನು ನಾನು ನೋಡಿದ್ದು ಒಂದು ಮದುವೆಯಲ್ಲಿ. ಏಪ್ರಿಲ್ ತಿಂಗಳು, ನಮ್ಮ ಕಡೆಯ ಬಿಸಿಲು ನಿಮಗೆ ಹೇಳಬೇಕಿಲ್ಲ. ಕಲ್ಯಾಣ ಮಂಟಪದ ಊಟದ ಮನೆಯಲ್ಲಿ ಆ ಉಣ್ಣೆಯಂಥ ಕೂದಲಿನ ಮೇಲೆ ಮತ್ತೊಂದು ಜಾಕೆಟ್! ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ಕಿವಿ ಹಿಂದಕ್ಕೆ ಅಂಟಿದ್ದವು, ಕಣ್ಣಿನ ಬಿಳಿ ಭಾಗ ಕಾಣುತ್ತಿತ್ತು, ಮತ್ತೆ ಮತ್ತೆ ಆಕಳಿಸುತ್ತಿತ್ತು. ಜನ ಅದನ್ನು ನಿದ್ದೆ ಎಂದುಕೊಳ್ಳುತ್ತಾರೆ, ಅದು ಭಯ. ಎದ್ದು ಹೋಗಿ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಹೊರಗೆ ಬ್ಯಾಂಡು ಶುರುವಾಯಿತು, ಹಲಗೆ ಬಡಿತವೂ ಸೇರಿತು. ನಾಯಿ ಹಗ್ಗ ಕಿತ್ತುಕೊಂಡು ಪಂಕ್ತಿಯ ಮಧ್ಯೆ ನುಗ್ಗಿತು. ಎದುರಿನಿಂದ ಬರುತ್ತಿದ್ದವರು ನನ್ನ ಗೆಳೆಯ ಮಾಸ್ತರರು. ಹುಟ್ಟಿನಿಂದಲೇ ಕಣ್ಣಿಲ್ಲ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತು ಹಾರ್ಮೋನಿಯಂ ಹೇಳಿಕೊಟ್ಟು ಬದುಕಿದವರು. ಹಗ್ಗ ಅವರ ಕಾಲಿಗೆ ಸುತ್ತಿಕೊಂಡಿತು. ಬಿಳಿ ಕೋಲು ಒಂದು ಕಡೆ, ಅವರು ಒಂದು ಕಡೆ. ಬಲ ಮಣಿಕಟ್ಟಿನ ಎಲುಬು ಮುರಿಯಿತು.

ಜನ ಹುಡುಗನ ಮೇಲೆ ರೇಗಿದರೆ ಅವನು ಆ ಪತ್ರವನ್ನು ಎತ್ತಿ ತೋರಿಸಿದ. “ಡಾಕ್ಟರರೇ ಬರೆದುಕೊಟ್ಟಿದ್ದಾರೆ.” ಮಾಸ್ತರರು ಕುರ್ಚಿಯಲ್ಲಿ ಕೈ ಹಿಡಿದುಕೊಂಡು ಕುಳಿತು ನನ್ನ ದನಿ ಗುರುತಿಸಿ ಕೇಳಿದರು, “ಏನು ಬರೆದಿದೆ? ಓದಿ, ನೋಡೋಣ.” ನಾನು ಓದಿದೆ. ಸ್ವಭಾವ ಶಾಂತ. ಕೆಳಗೆ ಸಹಿ ಯಾರದು ಎಂದು ಅವರು ಕೇಳಲಿಲ್ಲ. ನಾನೇ ಹೇಳಿದೆ. ಕೈ ಕೂಡಿಕೊಂಡಿತು, ಆದರೆ ಹಾರ್ಮೋನಿಯಂ ಮುಂದೆ ಕುಳಿತಾಗ ಆ ಬೆರಳುಗಳು ಮೊದಲಿನ ಹಾಗೆ ಓಡುವುದಿಲ್ಲ.

ನಮ್ಮ ದೇಶದ ಮಾತಿಗೆ ಬರೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ. ಅಂಗವಿಕಲರಿಗೆ ಮೀಸಲಾದ ಸವಲತ್ತನ್ನು ಮೋಸದಿಂದ ಪಡೆದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎನ್ನುತ್ತದೆ ಅದರ 91ನೇ ಕಲಮು. ಆದರೆ ಅಮೆರಿಕದಂತೆ ಯಾವ ನಾಯಿ ಸರ್ವಿಸ್ ಡಾಗ್, ಅಂಗಡಿಯವರು ಏನು ಕೇಳಬಹುದು ಎಂಬ ವಿವರ ಅದರಲ್ಲಿಲ್ಲ. ನನ್ನಂಥ ಡಾಕ್ಟರ್ ಕೊಡಬಹುದಾದದ್ದು ಲಸಿಕೆಯ ಪತ್ರ ಮತ್ತು ಆರೋಗ್ಯದ ಪತ್ರ ಮಾತ್ರ. ಸಾಕುನಾಯಿಯನ್ನು ರೈಲಿನಲ್ಲಿ ಒಯ್ಯಲೂ ಸುಳ್ಳು ಬೇಕಿಲ್ಲ: ಫಸ್ಟ್ ಎಸಿಯಲ್ಲಿ ಕೂಪೆಯನ್ನೇ ಪೂರ್ತಿ ಕಾಯ್ದಿರಿಸಿ ಜೊತೆಗೆ ಒಯ್ಯಬಹುದು, ಇಲ್ಲವೇ ಗಾರ್ಡಿನ ಡಬ್ಬಿಯಲ್ಲಿರುವ ಪೆಟ್ಟಿಗೆ ಇದೆ.

ಮಾಸ್ತರರಿಗೆ ನಾನೊಮ್ಮೆ ಅಮೆರಿಕದ ಆ ನಾಯಿಯ ಕಥೆ ಹೇಳಿದ್ದೆ. ಅವರು ನಕ್ಕರು. “ನಮ್ಮ ಓಣಿಯ ಬೀದಿನಾಯಿಗಳು ಅದನ್ನು ನಾಲ್ಕು ಹೆಜ್ಜೆ ನಡೆಯಲು ಬಿಡುತ್ತವೆಯೇ? ಫುಟ್‌ಪಾತ್ ಎಲ್ಲಿದೆ? ಬಸ್ಸಿನಲ್ಲಿ ಕಂಡಕ್ಟರ್ ಏನೆನ್ನುತ್ತಾನೆ?” ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೂ ನಾಳೆ ಯಾರೋ ಒಬ್ಬ ಹುಡುಗಿ ನಿಜವಾದ ಮಾರ್ಗದರ್ಶಿ ನಾಯಿಯನ್ನು ಹಿಡಿದು ನಿಮ್ಮ ಖಾನಾವಳಿಗೆ ಬಂದಾಳು. ಅಷ್ಟರಲ್ಲಿ ಈ ಕೆಂಪು ಜಾಕೆಟ್ಟಿನವರು ನಿಮ್ಮ ತಾಳ್ಮೆಯನ್ನೆಲ್ಲ ತಿಂದು ಮುಗಿಸಿದ್ದರೆ ನೀವು ಅವಳನ್ನೂ ಬಾಗಿಲಲ್ಲೇ ತಡೆಯುತ್ತೀರಿ. ನನಗೆ ಸಿಟ್ಟು ಬರುವುದು ಇಲ್ಲಿ. ಅಮೆರಿಕದ ಅಂಗಡಿಯವನಿಗೆ ನಂಬಿಕೆ ಹೋಗಿದ್ದರೆ ಮೊದಲು ಇತ್ತು ಎನ್ನಬಹುದು; ನಮ್ಮಲ್ಲಿ ಅದು ಇನ್ನೂ ಹುಟ್ಟಿಯೇ ಇಲ್ಲ.

ಈಗ ನಾಳೆಯ ಮಾತು. ಆ ಗಿರಾಕಿ ಬಂದಾಗ ಎಲ್ಲರ ಎದುರು ಬೇಡ, ಗಲ್ಲೆಯ ಹತ್ತಿರ ಕರೆದು ಕೇಳಿ: “ಸಾಹೇಬರೇ, ಇದು ನಿಮಗೆ ಯಾವ ಕೆಲಸ ಮಾಡಿಕೊಡುತ್ತದೆ?” ನಿಜವಾಗಿಯೂ ಅಂಥ ನಾಯಿ ಇಟ್ಟುಕೊಂಡವರಿಗೆ ಈ ಪ್ರಶ್ನೆ ಹೊಸದಲ್ಲ, ಒಂದು ವಾಕ್ಯದಲ್ಲಿ ಉತ್ತರ ಬರುತ್ತದೆ. ಕಾನೂನು, ಕೇಸು, ನಿಮಗೆ ತಿಳಿಯುವುದಿಲ್ಲ ಎಂದು ದನಿ ಏರಿದರೆ ನಿಮಗೆ ಉತ್ತರ ಸಿಕ್ಕಿತು. ಜೊತೆಗೆ ನಾಯಿಯನ್ನು ನೋಡಿ. ಕೆಲಸದ ನಾಯಿ ಮೇಜಿನ ಕೆಳಗೆ ಮುದುಡಿ ಮಲಗುತ್ತದೆ, ನೀವು ಹೊಟ್ಟೆ ತುಂಬ ಬಡಿಸಿ ಮುಗಿಸುವವರೆಗೂ ಅದು ಅಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ತಾಟಿನತ್ತ ಮೂಗು ಚಾಚುವುದು, ಬಂದವರನ್ನೆಲ್ಲ ಮೂಸುವುದು, ಹಗ್ಗ ಜಗ್ಗುವುದು ಸಾಕುನಾಯಿಯ ಗುಣ. ಅದರಲ್ಲಿ ಅದರ ತಪ್ಪೇನೂ ಇಲ್ಲ.

ಆಮೇಲೆ ಹೇಳಿ: ಊಟ ನಿಮಗೆ ಯಾವಾಗಲೂ ಇದೆ, ನಾಯಿಗೆ ಹೊರಗೆ ಕಟ್ಟೆಯ ಮೇಲೆ ನೆರಳಿದೆ, ನೀರಿದೆ, ನೀವೂ ಅಲ್ಲೇ ಕೂರುವುದಾದರೆ ತಾಟನ್ನು ಅಲ್ಲಿಗೇ ಕಳಿಸುತ್ತೇನೆ. ಕಟ್ಟೆಯ ಮೇಲೆ ಒಂದು ಮೇಜು ಹಾಕಿದರೆ ಇಂಥ ನಾಲ್ಕು ಗಿರಾಕಿಗಳು ಹೆಚ್ಚೇ ಬಂದಾರು. ಜಾಕೆಟ್ಟನ್ನು ಮಾತ್ರ ಬಿಚ್ಚಿಸಿ. ನಾಯಿ ಬೆವರುವುದು ಅಂಗಾಲಿನಲ್ಲಿ ಮಾತ್ರ, ಸೆಕೆಯನ್ನು ಹೆಚ್ಚಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಕಳೆಯಬೇಕು. ಮತ್ತೆ, ಬೇರೆ ಗಿರಾಕಿಗಳು ಪ್ರೀತಿಯಿಂದ ಅದಕ್ಕೆ ರೊಟ್ಟಿಯ ಜೊತೆ ಉಳ್ಳಾಗಡ್ಡಿ ಹಾಕದಂತೆ ನೋಡಿಕೊಳ್ಳಿ. ಹಸಿಯದಾಗಲಿ ಬೇಯಿಸಿದ್ದಾಗಲಿ, ಉಳ್ಳಾಗಡ್ಡಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ.