27 ಜೀವ ಹೋದ ಮೇಲೂ ಕ್ಯಾಂಪ್ ಮಿಸ್ಟಿಕ್ ಮತ್ತೆ ತೆರೆಯುವುದು ಸರಿಯೇ?

ನೀವು ಕೇಳಿದ್ದು ಇಷ್ಟು: ಟೆಕ್ಸಸ್‌ನ ಕ್ಯಾಂಪ್ ಮಿಸ್ಟಿಕ್ ಎಂಬ ಹುಡುಗಿಯರ ಬೇಸಿಗೆ ಶಿಬಿರದಲ್ಲಿ 2025ರ ಜುಲೈ 4ರ ನಸುಕಿನ ಪ್ರವಾಹಕ್ಕೆ 25 ಹುಡುಗಿಯರು, ಅವರನ್ನು ನೋಡಿಕೊಳ್ಳುವ ಇಬ್ಬರು ಕೌನ್ಸೆಲರ್‌ಗಳು ಬಲಿಯಾದರು. ಅದೇ ಕ್ಯಾಂಪಿನವರು ನೀರು ಮುಟ್ಟದ ತಮ್ಮ ಇನ್ನೊಂದು ಜಾಗದಲ್ಲಿ 2026ರ ಬೇಸಿಗೆಗೆ ಶಿಬಿರ ನಡೆಸುತ್ತೇವೆ ಎಂದು 2025ರ ಸೆಪ್ಟೆಂಬರ್‌ನಲ್ಲಿ ಹೇಳಿದರು. ಇದು ಸರಿಯೇ, ನೀವಾಗಿದ್ದರೆ ಮಗಳನ್ನು ಕಳಿಸುತ್ತಿದ್ದಿರಾ?

ನಾನು ಸ್ಯಾನ್ ಆಂಟೋನಿಯೋದಲ್ಲಿರುವವಳು. ಕ್ಯಾಂಪ್ ಇರುವ ಹಂಟ್ ಊರು ನಮ್ಮ ಮನೆಯಿಂದ ಕಾರಿನಲ್ಲಿ ಒಂದೂವರೆ ತಾಸು. ಒಂಬತ್ತು ವರ್ಷದ ಮಗಳಿದ್ದಾಳೆ, ಎರಡು ಬೇಸಿಗೆ ಕ್ಯಾಂಪಿಗೆ ಹೋಗಿ ಬಂದವಳು. ಮಿಸ್ಟಿಕ್‌ಗಲ್ಲ, ಬೇರೆ ಕಡೆಗೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವತ್ತೂ ತೆರೆಯಕೂಡದು ಅಂತ ನಾನು ಹಟ ಹಿಡಿಯುವುದಿಲ್ಲ. ಆದರೆ ಅವರು ಗೊತ್ತುಮಾಡಿದ ದಿನಕ್ಕೆ, ಅವರು ಕೊಟ್ಟ ಕಾರಣ ಹಿಡಿದು ತೆರೆಯುವುದು ತಪ್ಪು.

ಅವರ ಕಾರಣ ಏನು? ನದಿ ದಂಡೆಯ ಹಳೆಯ ಕ್ಯಾಂಪನ್ನು ಮುಟ್ಟುವುದಿಲ್ಲ, ತೆರೆಯುವುದು ಸೈಪ್ರೆಸ್ ಲೇಕ್ ಎಂಬ ಪಕ್ಕದ ಕ್ಯಾಂಪನ್ನು ಮಾತ್ರ. ಅದು ಶುರುವಾದದ್ದು 2020ರಲ್ಲಿ, ಇರುವುದು ಎತ್ತರದಲ್ಲಿ, ಅವತ್ತು ಅದಕ್ಕೆ ಹಾನಿಯಾಗಲಿಲ್ಲ. ಕೇಳಿದರೆ ಹೌದಲ್ಲ ಅನ್ನಿಸುತ್ತದೆ. ನನಗೂ ಎರಡು ದಿನ ಹಾಗೇ ಅನ್ನಿಸಿತ್ತು.

ಆದರೆ ಎತ್ತರದ ಜಾಗ ಅವತ್ತು ರಾತ್ರಿಯೂ ಇತ್ತು. ಕ್ಯಾಬಿನ್‌ಗಳ ಹಿಂದೆಯೇ ಗುಡ್ಡ. ಬದುಕಿ ಬಂದ ಎಷ್ಟೋ ಹುಡುಗಿಯರು ರಾತ್ರಿ ಉಡುಪಿನಲ್ಲೇ ಆ ಗುಡ್ಡ ಹತ್ತಿ ಕೂತವರು. ಇನ್ನು ಕೆಲವರು ರಿಕ್ರಿಯೇಷನ್ ಹಾಲ್‌ನ ಮೇಲಂತಸ್ತಿನಲ್ಲಿ ಉಳಿದುಕೊಂಡರು. ಬಸ್ಸು ಬೇಕಿರಲಿಲ್ಲ, ಹೆಲಿಕಾಪ್ಟರ್ ಬೇಕಿರಲಿಲ್ಲ. ಯಾರಾದರೂ ಹೊತ್ತಿಗೆ ಸರಿಯಾಗಿ ಬಾಗಿಲು ಬಡಿದು "ಎದ್ದೇಳಿ, ಗುಡ್ಡ ಹತ್ತಿ" ಅನ್ನಬೇಕಿತ್ತು. ರಾಷ್ಟ್ರೀಯ ಹವಾಮಾನ ಸೇವೆ ಹಿಂದಿನ ಮಧ್ಯಾಹ್ನವೇ ಪ್ರವಾಹದ ಮುನ್ಸೂಚನೆ ಕೊಟ್ಟಿತ್ತು. ರಾತ್ರಿ 1:14ಕ್ಕೆ ಹಂಟ್ ಇರುವ ಕೆರ್ ಕೌಂಟಿಗೆ ದಿಢೀರ್ ಪ್ರವಾಹದ ಎಚ್ಚರಿಕೆ ಹೊರಟಿತು. ಕ್ಯಾಂಪಿನ ಯಜಮಾನರಾದ ಡಿಕ್ ಈಸ್ಟ್‌ಲ್ಯಾಂಡ್ ಅವರ ಫೋನಿಗೆ ಅದು ಬಂದಿತ್ತೆಂದು ಕುಟುಂಬದ ವಕ್ತಾರರೇ ಆಮೇಲೆ ಹೇಳಿದರು. ಮಕ್ಕಳನ್ನು ಸಾಗಿಸಲು ಶುರುಮಾಡಿದ್ದು ಅದಾಗಿ ಮುಕ್ಕಾಲು ಗಂಟೆ ಕಳೆದ ಮೇಲೆ. ಅತಿ ಚಿಕ್ಕ ಹುಡುಗಿಯರ ಕ್ಯಾಬಿನ್‌ಗಳು ಇದ್ದದ್ದು ನದಿಗೆ ಹತ್ತಿರದ ತಗ್ಗಿನಲ್ಲಿ.

ಅಂದರೆ ಆ ರಾತ್ರಿ ಕೈಕೊಟ್ಟದ್ದು ನೆಲವೊಂದೇ ಅಲ್ಲ. ಎಚ್ಚರಿಕೆ ಬಂದ ಗಳಿಗೆಯಿಂದ ಬಾಗಿಲು ಬಡಿದ ಗಳಿಗೆಯವರೆಗೆ ಯಾರು ಏನು ಯೋಚಿಸಿದರು, ಯಾರಿಗೆ ಕಾದರು, ಕೌನ್ಸೆಲರ್ ಹುಡುಗಿಯರಿಗೆ ಮೊದಲೇ ಏನು ಹೇಳಿಕೊಟ್ಟಿದ್ದರು? ಇದಕ್ಕೆ ಪೂರ್ತಿ ಉತ್ತರ ಬಾರದೆ "ಹೊಸ ಜಾಗ ಎತ್ತರದಲ್ಲಿದೆ" ಅನ್ನುವುದು, ಕೇಳಿದ ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆಗೆ ಉತ್ತರ ಬರೆದ ಹಾಗೆ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಅದಕ್ಕೆ ಮೂರು ವಾರ ಮೊದಲು, ಜೂನ್ 12ರಂದು, ನಮ್ಮ ಸ್ಯಾನ್ ಆಂಟೋನಿಯೋದಲ್ಲೇ ದಿಢೀರ್ ಪ್ರವಾಹ ಬಂದು 13 ಜನ ಸತ್ತರು. ಆ ನಸುಕಿನಲ್ಲಿ ನನ್ನ ಫೋನೂ ಕಿವಿ ಹರಿಯುವ ಹಾಗೆ ಕೂಗಿತ್ತು. ನಾನು ಬೆರಳಿನಿಂದ ಅದನ್ನು ಪಕ್ಕಕ್ಕೆ ತಳ್ಳಿ, ಮಗ್ಗುಲು ಬದಲಿಸಿ ಮಲಗಿದೆ. ಈ ಸೀಮೆಯಲ್ಲಿ ಮಳೆಗಾಲವಿಡೀ ಆ ಫೋನು ಕೂಗುತ್ತಲೇ ಇರುತ್ತದೆ, ಹತ್ತರಲ್ಲಿ ಒಂಬತ್ತು ಸಲ ಏನೂ ಆಗುವುದಿಲ್ಲ. ಹಾಗಾಗಿ "ಎಚ್ಚರಿಕೆ ಬಂದಿತ್ತಲ್ಲ" ಎಂದು ತೀರ್ಪು ಕೊಡುವವರ ಸಾಲಿನಲ್ಲಿ ನಿಲ್ಲಲು ನನಗೆ ಸ್ವಲ್ಪ ಸಂಕೋಚ. ಆದರೆ ನಾನು ನನ್ನ ಮನೆಯಲ್ಲಿ ಮಲಗಿದ್ದೆ. ನನ್ನ ಮೇಲೆ ನಂಬಿಕೆಯಿಟ್ಟು ನೂರಾರು ತಾಯಂದಿರು ಫೋನೂ ಇಲ್ಲದ ಮಕ್ಕಳನ್ನು ಬಿಟ್ಟುಹೋಗಿರಲಿಲ್ಲ.

ಅದೇ ನದಿಯ ಇನ್ನೊಂದು ಕವಲಿನ ದಂಡೆಯಲ್ಲಿ ಮೋ ರ‍್ಯಾಂಚ್ ಎಂಬ ಚರ್ಚ್ ಶಿಬಿರವಿದೆ. ಅಲ್ಲಿನ ನಿರ್ವಹಣಾ ಸಿಬ್ಬಂದಿಯೊಬ್ಬರು ರಾತ್ರಿ ಒಂದರ ಸುಮಾರಿಗೆ ನೀರು ಏರುವುದನ್ನು ನೋಡಿ ಮೇಲಿನವರನ್ನು ಎಬ್ಬಿಸಿದರು. ದಂಡೆಯ ಕಟ್ಟಡದಲ್ಲಿ ಮಲಗಿದ್ದವರನ್ನು ಆಗಲೇ ಮೇಲಕ್ಕೆ ಸಾಗಿಸಿದರು. ಅಲ್ಲಿ ಒಬ್ಬರೂ ಸಾಯಲಿಲ್ಲ. ಅದೇ ಮಳೆ, ಅದೇ ಕತ್ತಲೆ.

ಎಬ್ಬಿಸಿ ಹೊರಡಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. 1987ರ ಜುಲೈನಲ್ಲಿ ಇದೇ ಗ್ವಾಡಲೂಪ್ ನದಿಯ ಕೆಳಹರಿವಿನಲ್ಲಿ, ಕಂಫರ್ಟ್ ಊರಿನ ಹತ್ತಿರ, ಚರ್ಚ್ ಶಿಬಿರವೊಂದರಿಂದ ಮಕ್ಕಳನ್ನು ಹೊರಕ್ಕೆ ಕರೆದೊಯ್ಯುತ್ತಿದ್ದ ಬಸ್ಸು ನೀರಿಗೆ ಸಿಕ್ಕಿ ಹತ್ತು ಮಕ್ಕಳು ಹೋದರು. ಡಿಕ್ ಈಸ್ಟ್‌ಲ್ಯಾಂಡ್ ಅವರಿಗೆ ಇದೆಲ್ಲ ಹೊಸತಲ್ಲ. 1974ರಿಂದ ಆ ಕ್ಯಾಂಪ್ ನಡೆಸಿದವರು, ನದಿ ಪ್ರಾಧಿಕಾರದ ಮಂಡಳಿಯಲ್ಲಿ ಕೂತವರು. ಕೊನೆಗೆ ಚಿಕ್ಕ ಹುಡುಗಿಯರನ್ನು ಗಾಡಿಗೆ ಹತ್ತಿಸಿಕೊಂಡು ಪಾರುಮಾಡಲು ಹೋಗಿ ಅವರೊಂದಿಗೇ ಪ್ರಾಣ ಬಿಟ್ಟರು. ಆ ಸಾವಿಗೆ ನಾನು ತಲೆಬಾಗುತ್ತೇನೆ. ಆದರೆ ಹಾಗೆ ಸತ್ತರು ಎಂಬ ಕಾರಣಕ್ಕೆ ಅದಕ್ಕಿಂತ ಮುಂಚಿನ ಹೊತ್ತಿನ ಪ್ರಶ್ನೆಗಳು ಕೇಳಬಾರದವು ಆಗುವುದಿಲ್ಲ. 2025ರ ನವೆಂಬರ್‌ನಲ್ಲಿ ಮಕ್ಕಳನ್ನು ಕಳೆದುಕೊಂಡ ಕುಟುಂಬಗಳು ಕೋರ್ಟಿಗೆ ಹೋದದ್ದು ಈ ಪ್ರಶ್ನೆಗಳನ್ನು ಹಿಡಿದುಕೊಂಡೇ.

ಅಕ್ಟೋಬರ್‌ನಲ್ಲಿ ನಾವು ಆ ಕಡೆ ಹೋಗಿದ್ದೆವು. ಹೈವೇ 39 ನದಿಯ ಜೊತೆಜೊತೆಗೇ ಸಾಗುತ್ತದೆ. ಬೇಲಿಗಳ ಮೇಲೆ ಮಿಸ್ಟಿಕ್‌ನ ಮಕ್ಕಳ ನೆನಪಿಗೆ ಹಸಿರು ರಿಬ್ಬನ್ ಕಟ್ಟಿದ್ದರು, ಬಿಸಿಲಿಗೆ ಬಣ್ಣ ಬಿಟ್ಟು ಹಳದಿಗೆ ತಿರುಗಿದ್ದವು. ಒಂದು ಕಡೆ ನದಿ ದಾಟುವ ತಗ್ಗು ಸೇತುವೆಯ ಹತ್ತಿರ ಕಾರು ನಿಲ್ಲಿಸಿದೆವು. ನೀರು ಎಷ್ಟಿತ್ತು ಅಂತೀರಿ? ಮಗಳ ಕಣಕಾಲು ಮುಳುಗುವಷ್ಟು. ತಳದ ಬಿಳಿ ಕಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು. ಪಕ್ಕದಲ್ಲಿ ನೀರಿನ ಮಟ್ಟ ತೋರಿಸುವ ಅಡಿಗುರುತಿನ ಕಂಬ, ಅದರಲ್ಲಿ ಇದ್ದದ್ದೇ ಐದು ಅಡಿಯವರೆಗಿನ ಗೆರೆ. ತಲೆಯೆತ್ತಿ ನೋಡಿದರೆ ಸೈಪ್ರೆಸ್ ಮರದ ಮೇಲಿನ ಕೊಂಬೆಯಲ್ಲಿ, ನಮ್ಮ ಮನೆಯ ಮಾಡಿಗಿಂತ ಎತ್ತರದಲ್ಲಿ, ಹರಿದ ಟಾರ್ಪಾಲಿನ ತುಂಡೊಂದು ಸಿಕ್ಕಿಹಾಕಿಕೊಂಡಿತ್ತು. ಅಲ್ಲಿಯವರೆಗೆ "45 ನಿಮಿಷದಲ್ಲಿ 26 ಅಡಿ" ಎಂಬ ಅಂಕಿಯನ್ನು ನೂರು ಸಲ ಓದಿದ್ದೆ. ಅರ್ಥವಾದದ್ದು ಆ ಟಾರ್ಪಾಲು ನೋಡಿದಾಗ. ಸುಣ್ಣಕಲ್ಲಿನ ಗುಡ್ಡಗಳು, ಮೇಲೆ ಗೇಣುದ್ದದ ಮಣ್ಣು, ಬಿದ್ದ ಮಳೆ ಇಂಗುವುದಿಲ್ಲ, ಎಲ್ಲ ಒಟ್ಟಿಗೆ ನದಿಗೆ ಇಳಿಯುತ್ತದೆ. ಫ್ಲ್ಯಾಶ್ ಫ್ಲಡ್ ಆ್ಯಲಿ, ಅಂದರೆ ದಿಢೀರ್ ಪ್ರವಾಹದ ಓಣಿ, ಅಂತ ಈ ಸೀಮೆಗೆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಕ್ಯಾಂಪಿನ ಗೇಟಿನವರೆಗೆ ನಾವು ಹೋಗಲಿಲ್ಲ. ನೋಡಲು ಹೋಗುವ ಜಾಗವಲ್ಲ ಅದು.

"ಸರ್ಕಾರ ಲೈಸೆನ್ಸ್ ಕೊಟ್ಟರೆ ತೆರೆಯಲಿ ಬಿಡಿ" ಎನ್ನುವ ವಾದವೂ ಇದೆ. ಅವತ್ತೂ ಕಾಗದಪತ್ರ ಎಲ್ಲ ಸರಿಯಾಗಿಯೇ ಇತ್ತು ಸ್ವಾಮಿ. ಪ್ರವಾಹಕ್ಕೆ ಎರಡೇ ದಿನ ಮೊದಲು, ಜುಲೈ 2ರಂದು, ರಾಜ್ಯದ ತಪಾಸಣೆಯಲ್ಲಿ ಕ್ಯಾಂಪಿನ ತುರ್ತು ಯೋಜನೆ ಪಾಸಾಗಿತ್ತು. ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಪ್ರವಾಹ ನಕ್ಷೆಯಲ್ಲಿ ಅಪಾಯದ ವಲಯದೊಳಗಿದ್ದ ಕಟ್ಟಡಗಳ ಬಗ್ಗೆ ಕ್ಯಾಂಪ್ ಮೇಲ್ಮನವಿ ಹಾಕಿ, 2013ರಿಂದ 2020ರ ನಡುವೆ 30 ಕಟ್ಟಡಗಳನ್ನು ಆ ವಲಯದಿಂದ ಹೊರಗೆ ತೆಗೆಸಿಕೊಂಡಿತ್ತು. ನಕ್ಷೆಯ ಗೆರೆ ಸರಿಯಿತು, ನದಿ ಇದ್ದಲ್ಲೇ ಇತ್ತು. ಆ ನಕ್ಷೆ ಹೇಳುವ "ನೂರು ವರ್ಷದ ಪ್ರವಾಹ" ಅನ್ನುವ ಮಾತೂ ದಾರಿ ತಪ್ಪಿಸುತ್ತದೆ. ನೂರು ವರ್ಷಕ್ಕೊಮ್ಮೆ ಬರುತ್ತದೆ ಅಂತಲ್ಲ, ಪ್ರತಿ ವರ್ಷವೂ ಬರುವ ಸಂಭವ ನೂರಕ್ಕೆ ಒಂದು ಅಂತ. ಒಂದೇ ಜಾಗದಲ್ಲಿ ನೂರು ವರ್ಷ ಕ್ಯಾಂಪ್ ನಡೆಸಿದರೆ ಒಮ್ಮೆಯಾದರೂ ಅದು ಬರುವ ಸಂಭವ ನೂರಕ್ಕೆ 63. ಮಿಸ್ಟಿಕ್ ಶುರುವಾದದ್ದು 1926ರಲ್ಲಿ.

ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. 2025ರ ಸೆಪ್ಟೆಂಬರ್ 5ರಂದು ರಾಜ್ಯಪಾಲ ಗ್ರೆಗ್ ಅಬಟ್ ಹೊಸ ಕಾಯ್ದೆಗಳಿಗೆ ಸಹಿ ಹಾಕಿದರು. ಪ್ರವಾಹ ಬಯಲಿನಲ್ಲಿ ಮಕ್ಕಳು ಮಲಗುವ ಕ್ಯಾಬಿನ್ ಇರಕೂಡದು, ತುರ್ತು ಯೋಜನೆ, ತರಬೇತಿ, ಎಚ್ಚರಿಕೆ ವ್ಯವಸ್ಥೆ ಇರಬೇಕು. ಆ ಕಾಯ್ದೆಗಾಗಿ ರಾಜಧಾನಿ ಆಸ್ಟಿನ್‌ಗೆ ಬಂದು ಶಾಸಕರ ಮುಂದೆ ಕೂತು ಮಾತಾಡಿದವರು ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರು, ಬೇಸಿಗೆ ಇನ್ನೂ ಮುಗಿಯುವ ಮುಂಚೆಯೇ. ಅದೇ ಸೆಪ್ಟೆಂಬರ್‌ನಲ್ಲಿ ಕ್ಯಾಂಪಿನಿಂದ ಪತ್ರ ಹೊರಟಿತು: ಮುಂದಿನ ಬೇಸಿಗೆಗೆ ಸೈಪ್ರೆಸ್ ಲೇಕ್ ತೆರೆಯುತ್ತೇವೆ, ಸ್ಮಾರಕವನ್ನೂ ಕಟ್ಟುತ್ತೇವೆ. ಆಗ ಒಬ್ಬ ಹುಡುಗಿಯ ದೇಹ ಇನ್ನೂ ಸಿಕ್ಕಿರಲಿಲ್ಲ. ಸ್ಮಾರಕದ ಬಗ್ಗೆಯಾಗಲಿ ತೆರೆಯುವುದರ ಬಗ್ಗೆಯಾಗಲಿ ತಮ್ಮನ್ನು ಒಂದು ಮಾತು ಕೇಳಲಿಲ್ಲ ಎಂದು ಹಲವು ಕುಟುಂಬಗಳು ಹೇಳಿದವು. ನನಗೆ ಎಲ್ಲಕ್ಕಿಂತ ಹೊಟ್ಟೆ ಸಂಕಟವಾದದ್ದು ಇದಕ್ಕೆ. ಮಗು ಸಿಗದ ತಾಯಿಗೆ ಆ ಪತ್ರ ಹೇಗೆ ಓದಿಸಿರಬೇಕು?

ಇನ್ನೊಂದು ಕಡೆಯವರ ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನನ್ನ ಆಫೀಸಿನಲ್ಲಿ ಒಬ್ಬರಿದ್ದಾರೆ, ಐವತ್ತು ದಾಟಿದವರು. ಅವರೂ ಅವರ ತಾಯಿಯೂ ಮಿಸ್ಟಿಕ್ ಹುಡುಗಿಯರು. ಅವರ ಟೇಬಲ್ ಲ್ಯಾಂಪಿಗೆ ಈಗಲೂ ಹಸಿರು ರಿಬ್ಬನ್ ಇದೆ. ಕ್ಯಾಂಪ್ ಮುಚ್ಚಿಬಿಡಲಿ ಅಂತ ಯಾರೋ ಊಟದ ಹೊತ್ತಿಗೆ ಅಂದಾಗ ತಟ್ಟೆ ಬಿಟ್ಟು ಎದ್ದು ಹೋದರು. ಆಮೇಲೆ ನನ್ನ ಹತ್ತಿರ ಹೇಳಿದರು, "ನನ್ನ ತಂದೆ ತೀರಿಕೊಂಡ ವರ್ಷ ನನ್ನನ್ನು ಉಳಿಸಿದ್ದು ಆ ಜಾಗ." ಬದುಕಿ ಬಂದ ಮಕ್ಕಳಲ್ಲೂ ಮತ್ತೆ ಹೋಗಬೇಕು, ಗೆಳತಿಯರನ್ನು ಅಲ್ಲೇ ನೋಡಬೇಕು ಅನ್ನುವವರಿದ್ದಾರೆ. ಇದು ಸುಳ್ಳು ಪ್ರೀತಿಯಲ್ಲ. ಇವರ ದುಃಖಕ್ಕೂ ಒಂದು ಜಾಗ ಬೇಕು.

ಹೀಗೆ ಎರಡೂ ಕಡೆಯ ದುಃಖವನ್ನು ಒಟ್ಟಿಗೆ ನಿಭಾಯಿಸಿದ ಉದಾಹರಣೆ ಹುಡುಕಿದಾಗ ನನಗೆ ನೆನಪಾಗುವುದು ನಾರ್ವೆಯ ಊಟೋಯ ದ್ವೀಪ. 2011ರ ಜುಲೈ 22ರಂದು ಅಲ್ಲಿನ ಯುವಜನ ಬೇಸಿಗೆ ಶಿಬಿರದಲ್ಲಿ ಒಬ್ಬ ಬಂದೂಕುಧಾರಿ 69 ಜನರನ್ನು ಕೊಂದ. ದ್ವೀಪವನ್ನು ಮರಳಿ ಪಡೆಯುತ್ತೇವೆ ಎಂದು ಶಿಬಿರ ನಡೆಸುತ್ತಿದ್ದ ಸಂಘಟನೆಯ ನಾಯಕರು ಕೆಲವೇ ದಿನಗಳಲ್ಲಿ ಘೋಷಿಸಿದರು. 13 ಜನ ಸತ್ತ ಕೆಫೆ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಯೋಚನೆಯೂ ಇತ್ತು. ಮಕ್ಕಳನ್ನು ಕಳೆದುಕೊಂಡವರು ಬೇಡ ಅಂದರು. ಆಗ ಇವರು ಮಾಡಿದ ದೊಡ್ಡ ಕೆಲಸವೆಂದರೆ ನಿಂತದ್ದು. ಮಾತಾಡಿದರು, ಯೋಜನೆ ಬದಲಿಸಿದರು, ಮತ್ತೆ ಮಾತಾಡಿದರು. ಕೆಫೆಯ ಗುಂಡಿನ ಗುರುತುಳ್ಳ ಭಾಗವನ್ನು ಹಾಗೇ ಉಳಿಸಿ ಅದರ ಸುತ್ತ ಇನ್ನೊಂದು ಮನೆ ಕಟ್ಟಿದರು: ಒಳಗೆ ಸತ್ತವರಿಗೆ 69 ಕಂಬ, ಹೊರಸುತ್ತಿನಲ್ಲಿ ಬದುಕಿ ಬಂದವರಿಗೆ 495. ಕಾಡಿನ ನಡುವೆ ಮರಗಳಿಗೆ ತೂಗುಹಾಕಿದ ಉಕ್ಕಿನ ಬಳೆಯಲ್ಲಿ ಹೆಸರು ಕೊರೆದರು, ಬೇಡ ಅಂದ ಕುಟುಂಬದವರ ಹೆಸರು ಬಿಟ್ಟರು. ಬೇಸಿಗೆ ಶಿಬಿರ ಅಲ್ಲಿಗೆ ಮರಳಿದ್ದು 2015ರ ಆಗಸ್ಟ್‌ನಲ್ಲಿ. ನಾಲ್ಕು ವರ್ಷ.

ಅಲ್ಲಿ ಕೊಂದವನು ಹೊರಗಿನವನು, ಅಷ್ಟು ಹೊತ್ತಿಗೆ ಅವನ ವಿಚಾರಣೆ ನಡೆದು ಶಿಕ್ಷೆಯೂ ಆಗಿತ್ತು. ಅಂಥವರೇ ನಾಲ್ಕು ವರ್ಷ ಕಾದರು. ಇಲ್ಲಿ ನದಿ ಹೊರಗಿನದು ಸರಿ, ನಿರ್ಧಾರ ಒಳಗಿನದು. ಆದರೂ ಒಂದೇ ವರ್ಷ ಸಾಕು ಅಂದುಕೊಂಡರು.

ಮತ್ತೆ ತೆರೆಯದೇ ಬಿಟ್ಟದ್ದೂ ಇದೆ. ಸ್ಪೇನಿನ ಬಿಯೆಸ್ಕಾಸ್‌ನಲ್ಲಿ 1996ರ ಆಗಸ್ಟ್ 7ರಂದು ಹಳ್ಳದ ಪ್ರವಾಹ ಡೇರೆ ತಾಣವೊಂದಕ್ಕೆ ನುಗ್ಗಿ 87 ಜನ ಸತ್ತರು. ಹಳ್ಳ ಹೊತ್ತು ತಂದು ಸುರಿದ ಮಣ್ಣುಗಲ್ಲಿನ ಹರವಿನ ಮೇಲೆಯೇ ಆ ತಾಣವಿತ್ತು. ಅದು ಮತ್ತೆ ಬಾಗಿಲು ತೆರೆಯಲಿಲ್ಲ. ಮಿಸ್ಟಿಕ್‌ನ ನದಿ ದಂಡೆಯ ಕ್ಯಾಬಿನ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯವೂ ಅದೇ. ಅಲ್ಲಿ ಹಗಲು ಪ್ರಾರ್ಥನೆ ನಡೆಯಲಿ, ಹೂ ಇಡಲಿ, ರಾತ್ರಿ ಒಂದು ಮಗುವೂ ಮಲಗಬಾರದು. ಸೈಪ್ರೆಸ್ ಲೇಕ್‌ನ ಮಾತು ಬೇರೆ. ಆ ರಾತ್ರಿಯ ಲೆಕ್ಕ ಪ್ರಮಾಣ ಮಾಡಿ ಹೇಳಿದ ಮಾತಿನಲ್ಲಿ ಹೊರಬರಲಿ, ಅಂದು ನಿರ್ಧಾರ ಮಾಡಿದವರ ಕೈಯಿಂದ ರಾತ್ರಿಯ ಜವಾಬ್ದಾರಿ ಬೇರೆಯವರಿಗೆ ಹೋಗಲಿ, ಸತ್ತ ಆ 27 ಜನರ ಮನೆಯವರನ್ನು ಕೂರಿಸಿಕೊಂಡು ಕೇಳಲಿ. ಎಲ್ಲರೂ ಹೂಂ ಅನ್ನುವುದಿಲ್ಲ, ಅನ್ನಬೇಕಾಗಿಯೂ ಇಲ್ಲ. ಆಮೇಲೆ ತೆರೆದರೆ ನಾನು ಅಡ್ಡಿ ಹೇಳುವವಳಲ್ಲ.

ಇನ್ನು, ಮಗಳನ್ನು ಕಳಿಸುತ್ತಿದ್ದಿರಾ ಅಂದಿರಿ. ಮಿಸ್ಟಿಕ್‌ಗೆ ಇಲ್ಲ. ಕ್ಯಾಂಪಿಗೇ ಬೇಡ ಅಂತ ನನ್ನ ಗಂಡ ಅಂದಿದ್ದರು, ಮಗಳು ಮೂರು ದಿನ ಮಾತು ಬಿಟ್ಟಳು. ಕೊನೆಗೆ ಎರಡು ಕ್ಯಾಂಪಿಗೆ ಒಂದೇ ಪ್ರಶ್ನೆ ಬರೆದೆ: ರಾತ್ರಿ ಒಂದೂವರೆಗೆ ಎಚ್ಚರಿಕೆ ಬಂದರೆ ಯಾರ ಫೋನು ಬಡಿದುಕೊಳ್ಳುತ್ತದೆ, ಮಕ್ಕಳನ್ನು ಎಬ್ಬಿಸಲು ಅವರು ಯಾರ ಅನುಮತಿ ಕೇಳಬೇಕು? ಒಂದು ಕಡೆಯಿಂದ ಎಂಟು ಪುಟದ ಸುರಕ್ಷತಾ ಕೈಪಿಡಿ ಬಂತು, ಪ್ರಶ್ನೆಗೆ ಉತ್ತರ ಅದರಲ್ಲಿರಲಿಲ್ಲ. ಇನ್ನೊಂದು ಕಡೆಯ ನಿರ್ದೇಶಕಿ ಮೂರು ಸಾಲು ಬರೆದರು. ರಾತ್ರಿ ಪಾಳಿಗೆ ನಿದ್ದೆ ಮಾಡದ ಇಬ್ಬರು ಇರುತ್ತಾರೆ. ಮಕ್ಕಳನ್ನು ಎಬ್ಬಿಸಿ ಮೇಲಕ್ಕೆ ಕರೆದೊಯ್ಯಲು ಅವರು ಯಾರನ್ನೂ ಕೇಳಬೇಕಿಲ್ಲ. ನನ್ನನ್ನು ಆಮೇಲೆ ಎಬ್ಬಿಸಿದರೆ ಸಾಕು.

ಮುಂಗಡ ಹಣ ಅಲ್ಲಿಗೇ ಕಟ್ಟಿದ್ದೇವೆ.