ಓದುಗರ ಪ್ರಶ್ನೆ: ನನ್ನನ್ನು ಭಕ್ತೆ ಅಂದುಕೊಂಡವರಿಗೆ ಏನು ಹೇಳಲಿ?

ಪ್ರಶ್ನೆ: ನನಗೆ ದೇವರಲ್ಲಿ ನಂಬಿಕೆ ಇಲ್ಲ. ಆದರೆ ಕುಂಕುಮ ಇಡುತ್ತೇನೆ, ಮಾಂಸ ತಿನ್ನುವುದಿಲ್ಲ. ಎರಡೂ ಚಿಕ್ಕಂದಿನ ರೂಢಿ. ಅದನ್ನು ನೋಡಿ ಆಫೀಸಿನವರು ನನ್ನನ್ನು ದೊಡ್ಡ ದೈವಭಕ್ತೆ ಅಂದುಕೊಂಡಿದ್ದಾರೆ. ಗೊರವನಹಳ್ಳಿ ಲಕ್ಷ್ಮಿ ದರ್ಶನಕ್ಕೆ ಕರೆದಾಗ ಎರಡು ಸಲ ‘ಮನೇಲಿ ಮೈಲಿಗೆ’ ಅಂದು ತಪ್ಪಿಸಿಕೊಂಡೆ. ಈಗ ಆಯುಧಪೂಜೆಯ ಜವಾಬ್ದಾರಿಯೂ ನನ್ನ ಹೆಗಲಿಗೇ ಬಿದ್ದಿದೆ. ಯಾರನ್ನೂ ನೋಯಿಸದೆ ನಿಜ ಹೇಳುವುದು ಹೇಗೆ?
— ಓದುಗರು, ತುಮಕೂರು

ಉತ್ತರ: ಮೊದಲು ಮೈಲಿಗೆಯ ನೆಪ ಬಿಡಿ. ಸೂತಕ ಹತ್ತು-ಹನ್ನೊಂದು ದಿನಕ್ಕೆ ಕಳೆಯುತ್ತದೆ, ಆಮೇಲೆ ಅವರು ಮತ್ತೆ ಕರೆಯುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಮೈಲಿಗೆ ಇಲ್ಲದಿದ್ದರೆ ಬರುತ್ತಿದ್ದೆ ಅನ್ನುವ ಅರ್ಥ ನಿಮ್ಮ ಮಾತಿನಲ್ಲೇ ಇತ್ತು. ಜೊತೆಗೆ, ಮೈಲಿಗೆ ನೋಡುವವರು ಅಂದಮೇಲೆ ಇನ್ನೂ ದೊಡ್ಡ ಆಚಾರವಂತರು ಎಂದೇ ಲೆಕ್ಕ. ಬಾಡೂಟದಲ್ಲಿ ‘ಇವತ್ತು ಸೋಮವಾರ’ ಅನ್ನುವುದೂ ಹೀಗೇ: ಮಂಗಳವಾರ ಮತ್ತೆ ಎಲೆ ಹಾಕುತ್ತಾರೆ. ‘ನಾನು ಮಾಂಸ ತಿನ್ನಲ್ಲ, ರುಚಿ ಅಭ್ಯಾಸ ಇಲ್ಲ’ ಎಂದರೆ ವಾರದ ಪ್ರಶ್ನೆಯೇ ಏಳುವುದಿಲ್ಲ.

ನಿಜವನ್ನು ಗಾಡಿ ಹೊರಡುವ ಹೊತ್ತಿನಲ್ಲಿ ಹತ್ತು ಜನರೆದುರು ಹೇಳಬೇಡಿ. ಅಲ್ಲಿ ಹೇಳಿದರೆ ಕರೆದವರಿಗೆ ಮುಖಭಂಗ. ಯಾತ್ರೆ ಏರ್ಪಡಿಸುವ ಒಬ್ಬರು ಇದ್ದೇ ಇರುತ್ತಾರಲ್ಲ, ಅವರೊಬ್ಬರೇ ಟೀ ಕುಡಿಯುತ್ತಿರುವಾಗ ಹೇಳಿ: ‘ಅಕ್ಕಾ, ಆವತ್ತು ಮೈಲಿಗೆ ಅಂದಿದ್ದು ಸಂಕೋಚಕ್ಕೆ. ನನಗೆ ದೇವರು-ಪೂಜೆಯಲ್ಲಿ ನಂಬಿಕೆ ಇಲ್ಲ. ನೀವೆಲ್ಲ ಹೋಗಿಬನ್ನಿ, ಆ ದಿನದ ಕೆಲಸ ನಾನು ನೋಡ್ಕೋತೀನಿ.’ ಇಷ್ಟೇ ಸಾಕು. ಉಳಿದವರಿಗೆ ಅವರೇ ಮುಟ್ಟಿಸುತ್ತಾರೆ.

ಇಲ್ಲಿ ಪದಗಳ ಆಯ್ಕೆ ಬಹಳ ಮುಖ್ಯ. ‘ದೇವರಿಲ್ಲ’ ಅಂದರೆ ಅದು ಅವರ ದೇವರ ಬಗ್ಗೆ ಆಡಿದ ಮಾತಾಗುತ್ತದೆ, ವಾದಕ್ಕೆ ಎಳೆಯುತ್ತದೆ. ‘ನನಗೆ ನಂಬಿಕೆ ಇಲ್ಲ’ ಅಂದರೆ ನಿಮ್ಮ ಬಗ್ಗೆ ಮಾತ್ರ. ಬರೀ ‘ಪೂಜೆ ಅಭ್ಯಾಸ ಇಲ್ಲ’ ಅಂದರೆ ಸಾಲದು. ಅಭ್ಯಾಸ ಮಾಡಿಸಲು ನಾಲ್ಕು ಜನ ಮುಂದೆ ಬರುತ್ತಾರೆ. ‘ನಾಸ್ತಿಕಳು’ ಎಂಬ ಪದವನ್ನು ತಾವಾಗಿ ಬಳಸದಿರುವುದು ಒಳ್ಳೆಯದು. ಹಳೆಯ ಬಳಕೆಯಲ್ಲಿ ವೇದ ಒಪ್ಪದವರು ನಾಸ್ತಿಕರು, ಜೈನ ಬೌದ್ಧರೂ ಆ ಲೆಕ್ಕದಲ್ಲಿದ್ದರು. ವೇದ ಒಪ್ಪಿಯೂ ಸೃಷ್ಟಿಕರ್ತನನ್ನು ಒಪ್ಪದ ಮೀಮಾಂಸಕ ಪಂಥದವರು ಆಸ್ತಿಕರ ಸಾಲಿನಲ್ಲಿದ್ದರು. ಇವತ್ತಿನ ಮಾತಿನಲ್ಲಿ ಅದು ಬೈಗುಳದ ಹತ್ತಿರಕ್ಕೆ ಬಂದಿದೆ.

ಆಯುಧಪೂಜೆಯ ಕೆಲಸವನ್ನು ಎರಡು ಪಾಲು ಮಾಡಿ. ಕಡಲೆಪುರಿ, ಬಾಳೆಕಂದು, ಮಾವಿನ ಸೊಪ್ಪು, ಬೂದುಗುಂಬಳ ತರಿಸುವುದು, ಕಂಪ್ಯೂಟರ್ ಒರೆಸಿಡುವುದು, ಹಣದ ಲೆಕ್ಕ ನಿಮ್ಮದಿರಲಿ. ಆರತಿ ಎತ್ತುವುದು, ಕುಂಬಳಕಾಯಿ ಒಡೆಯುವುದು ಭಕ್ತಿ ಇರುವವರದು. ಅದನ್ನು ಹಬ್ಬದ ಬೆಳಿಗ್ಗೆ ಹೇಳಿದರೆ ಕೈಕೊಟ್ಟಂತಾಗುತ್ತದೆ. ವಾರ ಮುಂಚೆಯೇ ಒಬ್ಬರನ್ನು ಒಪ್ಪಿಸಿ. (ಒಡೆದ ಹೋಳನ್ನು ರಸ್ತೆಯಿಂದ ತೆಗೆಸಿ, ಸ್ಕೂಟರ್ ಜಾರಿ ಬೀಳುತ್ತವೆ.)

ಪ್ರಸಾದ ತಂದುಕೊಟ್ಟರೆ ತೆಗೆದುಕೊಳ್ಳಿ. ಅದು ಅವರ ಪ್ರೀತಿ, ಬೇಡವೆನ್ನುವುದರಿಂದ ಯಾವ ಸತ್ಯವೂ ಉಳಿಯುವುದಿಲ್ಲ. ತಡೆಯಬೇಕಾದ ಜಾಗ ಬೇರೆ. ‘ನಿಮ್ಮ ಹೆಸರಲ್ಲೂ ಅರ್ಚನೆ ಮಾಡಿಸ್ತೀವಿ, ಗೋತ್ರ-ನಕ್ಷತ್ರ ಹೇಳಿ’ ಅಂದಾಗ ‘ನನ್ನ ಹೆಸರಲ್ಲಿ ಬೇಡ’ ಅನ್ನಿ. ಬೀದಿ ಗಣೇಶನಿಗೆ ಚಂದಾ ಕೊಡುವ ಮನಸ್ಸಿದ್ದರೆ ಊಟದ ಖರ್ಚಿಗೆ ಎಂದು ಹೇಳಿ ಕೊಡಿ, ಆದರೆ ಫ್ಲೆಕ್ಸಿನ ಸೇವಾಕರ್ತರ ಪಟ್ಟಿಯಲ್ಲಿ ಹೆಸರು ಹಾಕದಿರಲು ತಿಳಿಸಿ. ಇಲ್ಲದಿದ್ದರೆ ನೀವು ಒಬ್ಬೊಬ್ಬರಿಗೇ ಬಿಡಿಸಿ ಹೇಳಿದ್ದನ್ನು ಆ ಫ್ಲೆಕ್ಸ್ ಒಂದೇ ದಿನದಲ್ಲಿ ಅಳಿಸುತ್ತದೆ.

ಕುಂಕುಮ ಅಳಿಸಬೇಕಾಗಿಲ್ಲ. ವೇಷ, ಊಟ, ನೇಮ ನೋಡಿ ಭಕ್ತಿ ಅಳೆಯುವುದೇ ತಪ್ಪು ಅಳತೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಖಾದಿ, ಗಾಂಧಿ ಟೋಪಿ, ಬ್ರಹ್ಮಚರ್ಯ, ಹಾಸ್ಟೆಲಿನ ಸರಳ ಬದುಕು ಎಲ್ಲ ಇಟ್ಟುಕೊಂಡೇ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದವರು.

ಪ್ರಶ್ನೆ: ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿದೆ. ದೇವರ ಹೆಸರಲ್ಲಿ ಪ್ರಮಾಣ ಮಾಡಲೇಬೇಕೆ?
— ಓದುಗರು, ಚಿಂತಾಮಣಿ

ಉತ್ತರ: ಬೇಡ. 1969ರ ಪ್ರಮಾಣ ಕಾಯಿದೆಯ 5ನೇ ಕಲಮಿನಂತೆ ದೇವರ ಹೆಸರಿಲ್ಲದೆ ‘ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ’ ಎಂದು ಹೇಳಬಹುದು. ಕಟಕಟೆ ಹತ್ತುವ ಮೊದಲೇ ನಿಮ್ಮನ್ನು ಕರೆಸಿದ ವಕೀಲರಿಗೋ ಬೆಂಚ್ ಕ್ಲರ್ಕಿಗೋ ತಿಳಿಸಿ. ಹತ್ತಿದ ಮೇಲೆ ಗುಮಾಸ್ತರು ರೂಢಿಯ ಮಾತನ್ನು ಸರಸರನೆ ಹೇಳಿಕೊಡುತ್ತಾರೆ, ಜನ ಬಾಯಿಗೆ ಬಂದಂತೆ ಹೇಳಿಬಿಡುತ್ತಾರೆ. ದೇವರ ಹೆಸರಿನ ಪ್ರಮಾಣವಾಗಲಿ, ದೃಢೀಕರಣವಾಗಲಿ, ಸಾಕ್ಷ್ಯದ ತೂಕವೂ ಸುಳ್ಳು ಹೇಳಿದರೆ ಶಿಕ್ಷೆಯೂ ಒಂದೇ.

ಪ್ರಶ್ನೆ: ಅರ್ಜಿಗಳಲ್ಲಿ ‘ಧರ್ಮ’ ಎಂಬ ಜಾಗವನ್ನು ಖಾಲಿ ಬಿಡಬಹುದೆ?
— ಓದುಗರು, ಕೋಲಾರ

ಉತ್ತರ: ಜನಗಣತಿಯಲ್ಲಿ ಧರ್ಮ ಇಲ್ಲ ಎಂದು ಹೇಳಬಹುದು, 2011ರಲ್ಲಿ 28 ಲಕ್ಷಕ್ಕೂ ಹೆಚ್ಚು ಜನ ‘ಧರ್ಮ ತಿಳಿಸಿಲ್ಲ’ ಎಂಬ ಪಟ್ಟಿಯಲ್ಲಿದ್ದರು. ಧರ್ಮ ಬರೆಯಲೇಬೇಕೆಂದು ಸರ್ಕಾರ ಯಾರನ್ನೂ ಒತ್ತಾಯಿಸುವಂತಿಲ್ಲ ಎಂದು 2014ರಲ್ಲಿ ಬಾಂಬೆ ಹೈಕೋರ್ಟ್ ಹೇಳಿದೆ. ಅದು ಮಹಾರಾಷ್ಟ್ರದ ತೀರ್ಪು, ನಮ್ಮ ಕಚೇರಿಗಳ ಮುಂದೆ ಉದಾಹರಣೆಯಾಗಿ ಇಡಬಹುದಷ್ಟೆ. ಪರಿಶಿಷ್ಟ ಜಾತಿಯವರು ಮಾತ್ರ ಜಾತಿ ಪ್ರಮಾಣಪತ್ರಕ್ಕೆ ಸಂಬಂಧಿಸಿದ ಅರ್ಜಿಯಲ್ಲಿ ಆತುರಪಡಬೇಡಿ. 1950ರ ರಾಷ್ಟ್ರಪತಿ ಆದೇಶ ಹಾಗೂ ಅದರ ತಿದ್ದುಪಡಿಗಳ ಪ್ರಕಾರ ಆ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಸೀಮಿತ. ಹಾಗಾಗಿ ಆ ಒಂದು ಅರ್ಜಿಯ ಮಟ್ಟಿಗೆ ಜಾಗ ಖಾಲಿ ಬಿಡುವ ಮೊದಲು ವಕೀಲರೊಬ್ಬರನ್ನು ಕೇಳಿ.