ಸುರಂಗ ತೋರಿಸಲು ಗ್ರಾಂಟ್ ಸಿಗುತ್ತದಾ? ಬಾಯಾರಿನ ಪ್ರಶ್ನೆಗೆ ಉತ್ತರ
ಕಾಸರಗೋಡು ಜಿಲ್ಲೆಯ ಬಾಯಾರಿನಿಂದ ಕೇಳಿದವರಿಗೆ. ನಿಮ್ಮ ತೋಟದಲ್ಲೂ ಪಕ್ಕದ ಗುಡ್ಡದಲ್ಲೂ ನೀರಿಗಾಗಿ ತೋಡಿದ ಹಳೆಯ ಸುರಂಗಗಳಿವೆ, ಕೆಳಗೆ ಹೂಳು ತುಂಬಿದ ಮದಕ, ಅಂದರೆ ಮಳೆನೀರು ನಿಲ್ಲುವ ಹಳೆ ಕೆರೆ ಇದೆ. ಎಲ್ಲ ಸರಿ ಮಾಡಿ ಬಂದವರಿಗೆ ತೋರಿಸಲು ಸರಕಾರದ ದುಡ್ಡು ಸಿಗುತ್ತದಾ ಎಂದು ಕೇಳಿದ್ದೀರಿ.

ಸಿಗುತ್ತದೆ. ಆದರೆ "ನನ್ನ ತೋಟದ ಸುರಂಗ" ಎಂದು ಬರೆದರೆ ಸಿಗುವುದಿಲ್ಲ. ಅರ್ಜಿಯಲ್ಲಿ ಊರು ಕಾಣಬೇಕು. ಅದಕ್ಕೇ ಸ್ಕೀಮ್ ಹುಡುಕುವ ಮೊದಲು ಜಾಗದ ಕಾಗದ ನೋಡಿ. ಮದಕ ಯಾರ ಹೆಸರಲ್ಲಿದೆ? ಅಲ್ಲಿಗೆ ಹೋಗುವ ದಾರಿ ಪಂಚಾಯತಿನದಾ, ಯಾರದ್ದಾದರೂ ವರ್ಗ (ಖಾಸಗಿ) ಜಾಗದಲ್ಲಿ ಹೋಗುತ್ತದಾ? ಜಾಗದ ಆಧಾರ (ನೋಂದಣಿ ಪತ್ರ), ತೆರಿಗೆ ರಶೀದಿ ಹಿಡಿದು ವಿಲೇಜ್ ಆಫೀಸಿನಲ್ಲಿ ಕೇಳಿ. ಖಾಸಗಿ ಜಾಗವಾದರೆ ಮಾಲೀಕರ ಒಪ್ಪಿಗೆ ಪತ್ರ ಬೇಕು. ಅಣ್ಣ ತಮ್ಮಂದಿರ ಪಾಲಾಗದ ಜಾಗ ಇದ್ದರೆ ಅದನ್ನು ಈಗಲೇ ಬಿಟ್ಟುಬಿಡಿ. ದುಡ್ಡು ಬಂದ ಮೇಲೆ ಜಗಳ ಜಾಸ್ತಿಯಾಗುತ್ತದೆ.

ದೊಡ್ಡ ದುಡ್ಡಿಗೆ ಬಾಗಿಲು ಪಂಚಾಯತೇ. ಕೇರಳ ಪ್ರವಾಸೋದ್ಯಮ ಇಲಾಖೆಯ ಡೆಸ್ಟಿನೇಶನ್ ಚಾಲೆಂಜ್ ಎಂಬ ಯೋಜನೆಯಲ್ಲಿ ಖರ್ಚಿನ ಶೇ. 60ರ ತನಕ, ಗರಿಷ್ಠ 50 ಲಕ್ಷ ರೂಪಾಯಿ ಇಲಾಖೆ ಕೊಡುತ್ತದೆ. ಉಳಿದದ್ದನ್ನು ಸ್ಥಳೀಯ ಸಂಸ್ಥೆ ಹೊಂದಿಸಬೇಕು. ಅರ್ಜಿ ಹಾಕುವುದೂ ಪಂಚಾಯತ್, ನೀವಲ್ಲ. ಹಾಗಾಗಿ ನಿಮ್ಮ ಕೆಲಸ ಶುರುವಾಗುವುದು ಗ್ರಾಮಸಭೆಯಲ್ಲಿ. ವಾರ್ಡ್ ಮೆಂಬರಿಗೆ ಮೊದಲೇ ಹೇಳಿ, ಸಭೆಯಲ್ಲಿ ವಿಷಯ ಎತ್ತಿ, ಅದು ಮಿನಿಟ್ಸಿನಲ್ಲಿ ಬರುವ ಹಾಗೆ ನೋಡಿ. ವಾರ್ಷಿಕ ಯೋಜನೆ ತಯಾರಾಗುವ ಮೊದಲೇ ಇದು ಆಗಬೇಕು. ಏಪ್ರಿಲ್ ದಾಟಿದ ಮೇಲೆ ಓಡಾಡಿದರೆ "ಮುಂದಿನ ವರ್ಷ ನೋಡುವ" ಅನ್ನುತ್ತಾರೆ. ಮದಕದ ಹೂಳು ಎತ್ತುವ ಕೆಲಸವನ್ನು ಇದಕ್ಕೆ ಸೇರಿಸಬೇಡಿ. ಜಾಗ ಪಂಚಾಯತಿನದಾದರೆ ಅದನ್ನು ಉದ್ಯೋಗ ಖಾತರಿಯಲ್ಲಿ ಕೇಳಬಹುದು.

ಆದರೆ ನನ್ನನ್ನು ಕೇಳಿದರೆ, ಮೊದಲ ಅರ್ಜಿ ಸಿಮೆಂಟಿನ ಕೆಲಸಕ್ಕೆ ಬೇಡ. ಇಂಟರ್‌ಲಾಕ್, ಕಮಾನು, ಸೆಲ್ಫಿ ಪಾಯಿಂಟ್ ಎಲ್ಲ ಹಾಕಿ ಸುರಂಗದ ಬಾಯಿಯನ್ನೇ ಮುಚ್ಚಿದಂತೆ ಮಾಡಿದರೆ ಅಲ್ಲಿ ನೋಡಲು ಏನು ಉಳಿಯುತ್ತದೆ? ಮೊದಲು ದಾಖಲೆ ಮಾಡಿ. ಯಾವ ಗುಡ್ಡದಲ್ಲಿ ಎಷ್ಟು ಸುರಂಗ, ಉದ್ದ ಎಷ್ಟು, ಮಾರ್ಚಿನಲ್ಲೂ ನೀರು ಬರುತ್ತದಾ, ತೋಡಿದವರು ಯಾರು, ನೀರು ಎಷ್ಟು ತೋಟಕ್ಕೆ ಹೋಗುತ್ತದೆ. ಗುಡ್ಡದ ಮುರಕಲ್ಲಿನಲ್ಲಿ (ಕೆಂಪುಕಲ್ಲು) ಅಡ್ಡಕ್ಕೆ ಕೊರೆದು, ಪಂಪ್ ಇಲ್ಲದೆ ನೀರು ತಾನಾಗಿ ಹರಿದು ಬರುವ ಈ ವ್ಯವಸ್ಥೆ ನಮ್ಮ ಎಣ್ಮಕಜೆ, ಪೈವಳಿಕೆ ಕಡೆಯವರಿಗೆ ಮಾಮೂಲು. ಫೈಲ್ ನೋಡುವ ಅಧಿಕಾರಿಗೆ ಸುರಂಗ ಅಂದರೆ ರೈಲಿನದ್ದು. ಗಡಿಯಾಚೆ ಕರ್ನಾಟಕದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ ಇಂಥದೇ ಸುರಂಗ ತೋಡಿ ಬೋಳುಗುಡ್ಡದಲ್ಲಿ ತೋಟ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂದಿದೆ. ಅರ್ಜಿಯ ಮೊದಲ ಪುಟದಲ್ಲೇ ಆ ವಿಷಯ ಬರಲಿ, ಅಲ್ವಾ?

ದಾಖಲಾತಿ, ಪ್ರದರ್ಶನ, ವಿಚಾರ ಸಂಕಿರಣ ಇಂಥದ್ದಕ್ಕೆ ಕೇಂದ್ರ ಸಂಸ್ಕೃತಿ ಸಚಿವಾಲಯದಲ್ಲಿ ಸಂಘಗಳಿಗೆ ನೆರವು ಇದೆ. ಸಂಘ ನೋಂದಣಿಯಾಗಿ 3 ವರ್ಷ ಆಗಿರಬೇಕು, ಸಂಘ ಸಂಸ್ಥೆಗಳನ್ನು ದಾಖಲಿಸುವ ಕೇಂದ್ರದ ಎನ್‌ಜಿಒ ದರ್ಪಣ್ ಪೋರ್ಟಲಿನ ಐಡಿ ಬೇಕು, ಖರ್ಚಿನ ಕಾಲು ಭಾಗ ನಿಮ್ಮದೇ. ಇದಕ್ಕೆಂದೇ ಹೊಸ ಸಂಘ ಕಟ್ಟಿ 3 ವರ್ಷ ಕಾಯುವ ಬದಲು, ಊರಲ್ಲಿ ಇರುವ ಹಳೆ ಯುವಕ ಮಂಡಲವೋ ಗ್ರಂಥಾಲಯವೋ ಲೆಕ್ಕಪತ್ರ ಸರಿ ಇಟ್ಟಿದ್ದರೆ ಅವರ ಹೆಸರಲ್ಲೇ ಹಾಕಿ. ಕನ್ನಡದ ಕಾರ್ಯಕ್ರಮವನ್ನೂ ಸೇರಿಸಿದರೆ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಕಡೆಗೂ ನೋಡಬಹುದು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಸ್ಮಾರಕ ಗಿಳಿವಿಂಡುವಿಗೆ ಎರಡೂ ರಾಜ್ಯಗಳ ದುಡ್ಡು ಬಂದದ್ದು ನಿಮಗೆ ಗೊತ್ತು. ಆದರೆ ಒಂದೇ ಖರ್ಚಿನ ಬಿಲ್ಲನ್ನು ಎರಡು ಕಡೆ ತೋರಿಸಬಾರದು. ಆಡಿಟ್‌ನಲ್ಲಿ ಮೊದಲು ಸಿಕ್ಕಿಬೀಳುವುದು ಅದೇ.

ಕೇರಳದ 1969ರ ಭಾಷಾ ಕಾಯ್ದೆ ಪ್ರಕಾರ ನಾವು ಕನ್ನಡದಲ್ಲಿ ಪತ್ರ ಬರೆಯಬಹುದು, ಕನ್ನಡದಲ್ಲೇ ಉತ್ತರ ಪಡೆಯಬಹುದು. ಹಕ್ಕು ಬಿಡಬೇಡಿ. ಜೊತೆಗೆ ಮಲಯಾಳದಲ್ಲಿ ಒಂದು ಪುಟದ ಸಾರಾಂಶ ಇಟ್ಟರೆ ಫೈಲ್ ಬೇಗ ಸರಿಯುತ್ತದೆ, ಅಷ್ಟೆ.

ದುಡ್ಡು ಕಂತಿನಲ್ಲಿ ಬರುತ್ತದೆ, ಕೊನೆಯ ಕಂತು ಕೆಲಸ ಮುಗಿದ ಮೇಲೆ. ಅಷ್ಟು ಕೈಯಿಂದ ಹಾಕಲು ಆಗುತ್ತದಾ ಎಂದು ಸಮಿತಿಯಲ್ಲಿ ಮೊದಲೇ ಮಾತಾಡಿ. ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ. ಕೇಂದ್ರದ ಅನುದಾನವಾದರೆ ದುಡ್ಡು ಯಾವುದಕ್ಕೆ ಖರ್ಚಾಯಿತು ಎಂಬ ವಿನಿಯೋಗ ಪ್ರಮಾಣಪತ್ರ 12-ಎ ನಮೂನೆಯಲ್ಲಿ ಕೊಡಬೇಕು. ಖಾತೆಯಲ್ಲಿ ಬಿದ್ದ ಬಡ್ಡಿಯೂ ನಿಮ್ಮದಲ್ಲ, ಅದನ್ನು ವಾಪಸ್ ಕಟ್ಟಬೇಕು.

ಇನ್ನೊಂದು, "ಪ್ರವಾಸಿಗರಿಗೆ ಸುರಂಗದ ಒಳಗೆ ಪ್ರವೇಶ" ಎಂದು ಸುಮ್ನೆ ಬರೆಯಬೇಡಿ. ಮಣ್ಣು ಜಾರಬಹುದು, ಒಳಗೆ ಉಸಿರಿಗೆ ಗಾಳಿ ಸಾಲದು, ಹಾವು ಬಾವಲಿ ಬೇರೆ. ಬಾಯಿಯ ತನಕ ಹೋಗಿ ನೋಡುವುದು, ಮದಕದ ದಂಡೆ, ಅಡಿಕೆ ತೋಟದಲ್ಲಿ ನಡೆದಾಟ, ಊಟ. ಇಷ್ಟು ಸಾಕು. ಊಟ, ವಾಸ್ತವ್ಯ ಕೊಡುವ ಮನೆಯವರನ್ನು ಕೇರಳದ ರೆಸ್ಪಾನ್ಸಿಬಲ್ ಟೂರಿಸಂ ಮಿಷನ್‌ನಲ್ಲಿ ನೋಂದಾಯಿಸಿ. ಅದು ಗ್ರಾಂಟ್ ಅಲ್ಲ, ಆದರೆ ತರಬೇತಿ ಸಿಗುತ್ತದೆ, ಗಿರಾಕಿಯೂ ಬರುತ್ತಾರೆ.

ಮದಕದ ಸರ್ವೆ ನಂಬರ್ ಯಾರ ಹೆಸರಲ್ಲಿದೆ ಎಂದು ಗೊತ್ತಾದ ಮೇಲೆ ಇಲ್ಲೇ ಬರೆಯಿರಿ. ಗ್ರಾಮಸಭೆಗೆ ಕೊಡುವ ಮನವಿಯ ಕರಡು ಮಾಡಿ ಕೊಡುತ್ತೇನೆ.